ಒಪ್ಪಂದ ಆಯ್ತು, ಗೋಡೆ ಯಾಕೆ ಇನ್ನೂ ನಿಂತಿದೆ?

ಪ್ರಶ್ನೆ: ಸರ್, ಉತ್ತರ ಐರ್ಲೆಂಡಲ್ಲಿ ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ಜಗಳ 1998ರ ಒಪ್ಪಂದದಿಂದ ಮುಗೀತು ಅಂತ ಓದಿದೀನಿ. ಆದ್ರೆ ಬೆಲ್‌ಫಾಸ್ಟಲ್ಲಿ ಎರಡೂ ಕಡೆಯವರ ಕೇರಿ ಮಧ್ಯೆ ಇನ್ನೂ ಗೋಡೆ ಇದ್ಯಂತೆ. ಹಾಗಾದ್ರೆ ರಾಜಕಾರಣಿಗಳು ಬರೀ ಸಹಿ ಹಾಕಿದ್ದಷ್ಟೇನಾ?

ಉತ್ತರ: ಬರೀ ಸಹಿ ಅನ್ಬೇಡಿ ದಯವಿಟ್ಟು. ಸುಮಾರು 30 ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಪುಟ್ಟ ನಾಡು ಅದು, ಮತ್ತೆ ಜಗಳ ಬರೀ ದೇವರ ವಿಷಯಕ್ಕಲ್ಲ, ಬ್ರಿಟನ್ ಜೊತೆ ಇರ್ಬೇಕಾ ಐರ್ಲೆಂಡ್ ಜೊತೆ ಸೇರ್ಬೇಕಾ ಅನ್ನೋದಕ್ಕೆ. ಜನಮತದಲ್ಲಿ ವೋಟ್ ಹಾಕಿದ 71% ಜನ ಒಪ್ಪಂದಕ್ಕೆ ಹೂಂ ಅಂದ್ರು, ಆಮೇಲೆ ದಿನಾ ಹೆಣ ಬೀಳೋದು ನಿಂತಿತು. ಅದು ಸಣ್ಣ ವಿಷಯ ಅಲ್ಲವೇ ಅಲ್ಲ.

ನನ್ನ ಪ್ರಕಾರ ನಿಜವಾಗ್ಲೂ ಗೆದ್ದಿದ್ದು ಎಲ್ಲಿ ಅಂದ್ರೆ ಲೆಕ್ಕ ಇಟ್ಟ ಕಡೆ. ಉದ್ಯೋಗದಲ್ಲಿ ಯಾವ ಸಮುದಾಯದವರು ಎಷ್ಟು ಜನ ಇದಾರೆ ಅಂತ ಕಂಪನಿಗಳು ವರದಿ ಕೊಡ್ಬೇಕು ಅಂತ 1989ರಲ್ಲೇ ಕಾನೂನು ಮಾಡಿದ್ರು. 2001ರಲ್ಲಿ ಹೊಸ ಪೊಲೀಸ್ ಪಡೆ ಕಟ್ಟಿದಾಗ 10 ವರ್ಷ ನೇಮಕಾತಿಲಿ ಅರ್ಧ ಕ್ಯಾಥೊಲಿಕ್ಕರು ಅರ್ಧ ಉಳಿದವರು ಅಂತ ರೂಲ್ ಇಟ್ರು, ಸುಮಾರು 8% ಇದ್ದ ಕ್ಯಾಥೊಲಿಕ್ಕರ ಪಾಲು 30%ರ ಹತ್ತಿರ ಬಂತು. ಪ್ರೊಟೆಸ್ಟೆಂಟ್ ಕಡೆ ಇದು ಅನ್ಯಾಯ ಅಂತ ಬೇಜಾರಾದವರೂ ಇದ್ರು, ಆದ್ರೂ ನಮ್ಮವರು ಯಾರೂ ಇಲ್ಲದ ಪೊಲೀಸ್ ಠಾಣೆಗೆ ಯಾರು ತಾನೇ ನಂಬಿ ದೂರು ಕೊಡ್ತಾರೆ ಹೇಳಿ?

ಎಡವಿದ್ದು ವಿಧಾನಸಭೆ ವಿಷಯದಲ್ಲಿ. ಅಲ್ಲಿ ಗೆದ್ದ ಪ್ರತಿ ಸದಸ್ಯನೂ ತಾನು ಯೂನಿಯನಿಸ್ಟಾ (ಬ್ರಿಟನ್ ಜೊತೆ ಇರ್ಬೇಕು ಅನ್ನೋರು, ಹೆಚ್ಚಾಗಿ ಪ್ರೊಟೆಸ್ಟೆಂಟರು), ನ್ಯಾಷನಲಿಸ್ಟಾ (ಐರ್ಲೆಂಡ್ ಜೊತೆ ಸೇರ್ಬೇಕು ಅನ್ನೋರು, ಹೆಚ್ಚಾಗಿ ಕ್ಯಾಥೊಲಿಕ್ಕರು), ಇತರೆನಾ ಅಂತ ಬರೆಸ್ಬೇಕು, ಮುಖ್ಯ ತೀರ್ಮಾನಗಳಿಗೆ ಮೊದಲೆರಡು ಗುಂಪಿನ ಒಪ್ಪಿಗೆ ಲೆಕ್ಕಕ್ಕೆ ಬರುತ್ತೆ, 'ಇತರೆ'ಯವರ ವೋಟಿಗೆ ಅಷ್ಟು ತೂಕ ಇಲ್ಲ. ಹೀಗಿದ್ರೆ ಗುಂಪು ಬಿಟ್ಟು ಹೊರಗೆ ಬರೋಕೆ ಯಾರಿಗೆ ಮನಸ್ಸಾಗುತ್ತೆ? ಅದರ ಮೇಲೆ ಎರಡೂ ಕಡೆಯ ದೊಡ್ಡ ಪಕ್ಷಗಳಲ್ಲಿ ಒಂದು ಎದ್ದು ಹೋದ್ರೂ ಸರ್ಕಾರ ನಿಂತು ಹೋಗುತ್ತೆ, 2017ರಿಂದ 2020, ಮತ್ತೆ 2022ರಿಂದ 2024, ಎರಡೂ ಸಲ ಆಗಿದ್ದು ಅದೇ.

ಇನ್ನು ಗೋಡೆ. 2023ರೊಳಗೆ ಎಲ್ಲಾ ತೆಗಿತೀವಿ ಅಂತ 2013ರಲ್ಲಿ ಸರ್ಕಾರ ಮಾತು ಕೊಡ್ತು, ಗಡುವು ಹೋಯ್ತು, ಹೆಚ್ಚಿನ ಗೋಡೆಗಳು ಹಾಗೇ ಇವೆ. ಪಕ್ಕದಲ್ಲೇ ವಾಸ ಮಾಡೋರಿಗೆ ಗೋಡೆ ಇಲ್ಲದೆ ರಾತ್ರಿ ನಿದ್ದೆ ಬರಲ್ಲ ಅನ್ನೋ ಭಯ, ಅದನ್ನ ಸರ್ಕಾರಿ ಆದೇಶದಿಂದ ತೆಗೆಯೋಕಾಗಲ್ಲ. ಆ ಭಯ ಶುರುವಾಗೋದೇ ಬೇರೆ ಬೇರೆ ಶಾಲೆಯಿಂದ ಅಂತ ನಾನು ನಂಬಿದೀನಿ, ಇವತ್ತಿಗೂ ಎರಡೂ ಕಡೆಯ ಮಕ್ಕಳನ್ನ ಬೇಕಂತಲೇ ಒಟ್ಟಿಗೆ ಕೂರಿಸೋ ಶಾಲೆಗಳಿಗೆ ಹೋಗೋರು 10ರಲ್ಲಿ ಒಬ್ಬರಿಗಿಂತ ಕಮ್ಮಿ. ಅಂಥ ಮೊದಲ ಶಾಲೆ ಲ್ಯಾಗನ್ ಕಾಲೇಜನ್ನ 1981ರಲ್ಲಿ 28 ಮಕ್ಕಳಿಂದ ಶುರು ಮಾಡಿದ್ದು ಅಪ್ಪ-ಅಮ್ಮಂದಿರು. ಇಂಥ ಶಾಲೆಗಳಿಗೆ ಬೆಂಬಲ ಕೊಡೋ ಹೊಣೆನ ಸರ್ಕಾರದ ಮೇಲೆ ಇನ್ನೂ ಬಿಗಿಯಾಗಿ ಹೊರಿಸಿದ ಕಾನೂನು ಬಂದಿದ್ದು 2022ರಲ್ಲಿ.