108 ವರ್ಷ ಕಾದ ತಂಡ: ಶಿಕಾಗೋ ಕಬ್ಸ್‌ನ 2016ರ ಸೀಸನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಲ ಅಮೆರಿಕದ ಬೇಸ್‌ಬಾಲ್ ಲೀಗ್ ಬಗ್ಗೆ ಬರೆಯುವಾಗ ಶಿಕಾಗೋ ಕಬ್ಸ್ ತಂಡದ 2016ರ ಸೀಸನ್ ಬಗ್ಗೆ ಎರಡೇ ಸಾಲು ಹೇಳಿ ಮುಂದಕ್ಕೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಎರಡು ಸಾಲಿನ ಬಗ್ಗೆಯೇ ಇದ್ದವು. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಮಗಳು, ಅಳಿಯ ಶಿಕಾಗೋದಲ್ಲಿದ್ದಾರೆ. ನಾವು ಹೋಗಿದ್ದಾಗ ಕಬ್ಸ್‌ನ ತವರು ಅಂಗಳ ರಿಗ್ಲಿ ಫೀಲ್ಡ್‌ನಲ್ಲಿ ಒಂದು ಪಂದ್ಯ ತೋರಿಸಿದರು. ಪಕ್ಕದ ಸೀಟಿನಲ್ಲಿದ್ದ ಅಜ್ಜ 2016ರ ಮಾತು ತೆಗೆದು ಕಣ್ಣೊರೆಸಿಕೊಂಡರು. ಒಂದು ಕಪ್ ಗೆದ್ದಿದ್ದಕ್ಕೆ ಇಷ್ಟೊಂದಾ? (ಹುಬ್ಬಳ್ಳಿಯ ಓದುಗರು)

ಆ ಅಜ್ಜನ ಕಣ್ಣೀರು ಒಂದು ಕಪ್‌ಗೆ ಬಂದದ್ದಲ್ಲ. ಕಬ್ಸ್ ಅದಕ್ಕೂ ಮುಂಚೆ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದದ್ದು 1908ರಲ್ಲಿ. ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ಶುರುವಾಗಿರಲಿಲ್ಲ. ಅಲ್ಲಿಂದ 108 ವರ್ಷ. ಆ ಅಜ್ಜನ ಅಪ್ಪನೂ ಕಬ್ಸ್ ಗೆಲ್ಲುವುದನ್ನು ನೋಡದೆ ಹೋಗಿರಬಹುದು, ತಾತನೂ ಹಾಗೇ ಇರಬಹುದು.

2016ಕ್ಕೆ ಮುಂಚೆ ಕಬ್ಸ್ ವರ್ಲ್ಡ್ ಸೀರೀಸ್ ಆಡಿದ್ದೇ 1945ರಲ್ಲಿ ಕೊನೆ. 2003ರಲ್ಲಿ ಅಲ್ಲಿಗೆ ಹೋಗಲು ಐದೇ ಔಟ್ ಬಾಕಿ ಇತ್ತು. ಫ್ಲಾರಿಡಾ ಮಾರ್ಲಿನ್ಸ್ ಒಂದೇ ಇನ್ನಿಂಗ್ಸ್‌ನಲ್ಲಿ 8 ರನ್ ಹೊಡೆದು ಕಿತ್ತುಕೊಂಡಿತು. (ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿಯೊಂದರಲ್ಲಿ ತಂಡಕ್ಕೆ ಮೂರು ಔಟ್.) ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ಎರ್ನೀ ಬ್ಯಾಂಕ್ಸ್ ಹೆಸರನ್ನು ಇಲ್ಲಿ ಹೇಳಲೇಬೇಕು. ಅಲ್ಲಿನವರು ಅವರನ್ನು 'ಮಿಸ್ಟರ್ ಕಬ್' ಅಂತಲೇ ಕರೆಯುತ್ತಾರೆ. 1953ರಿಂದ 1971ರವರೆಗೆ ಇದೊಂದೇ ತಂಡಕ್ಕೆ ಆಡಿದರು. 512 ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಚೆಂಡನ್ನು ಅಂಗಳದಾಚೆ ಕಳಿಸುವ ಹೊಡೆತ) ಹೊಡೆದರು. ಆದರೆ ಒಂದೇ ಒಂದು ವರ್ಲ್ಡ್ ಸೀರೀಸ್ ಪಂದ್ಯ ಆಡಲಿಲ್ಲ. 2015ರ ಜನವರಿಯಲ್ಲಿ ತೀರಿಕೊಂಡರು. ಇನ್ನು ಎರಡು ವರ್ಷ ಇದ್ದಿದ್ದರೆ ನೋಡುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಪ್ರಶ್ನೆ: ಒಂದು ಸೀಸನ್‌ನಲ್ಲಿ 162 ಪಂದ್ಯ ಅಂತ ಬರೆದಿದ್ದಿರಿ. ಅಚ್ಚಿನ ತಪ್ಪಾ? (ಮಂಡ್ಯದ ಕ್ರಿಕೆಟ್ ಕೋಚ್)

ತಪ್ಪಲ್ಲ, 162 ಸರಿ. 2016ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಶುರುವಿನವರೆಗೆ ಹೆಚ್ಚುಕಡಿಮೆ ದಿನಾ ಒಂದು ಪಂದ್ಯ. ಆದ್ದರಿಂದಲೇ ಪ್ರತಿ ತಂಡದಲ್ಲಿ ಐದು ಮುಖ್ಯ ಪಿಚರ್‌ಗಳು (ಚೆಂಡು ಎಸೆಯುವವರು) ಸರದಿ ಪ್ರಕಾರ ಪಂದ್ಯ ಶುರು ಮಾಡುತ್ತಾರೆ. ಇವತ್ತು ಎಸೆದವನ ತೋಳಿಗೆ ಮತ್ತೆ ನಾಲ್ಕು ದಿನ ವಿಶ್ರಾಂತಿ. ಇಷ್ಟು ದೊಡ್ಡ ಸೀಸನ್‌ನಲ್ಲಿ ಅದೃಷ್ಟದ ಆಟ ನಡೆಯುವುದಿಲ್ಲ. ಒಳ್ಳೆಯ ತಂಡ ಮೇಲೆ ಬಂದೇ ಬರುತ್ತದೆ. ಆಮೇಲೆ ಅಕ್ಟೋಬರ್‌ನಲ್ಲಿ ಐದು ಪಂದ್ಯದ, ಏಳು ಪಂದ್ಯದ ಸರಣಿಗಳು. ಅಲ್ಲಿ ಒಂದು ಕೆಟ್ಟ ಸಂಜೆ ಆರು ತಿಂಗಳ ದುಡಿಮೆಯನ್ನು ನುಂಗಿಬಿಡಬಹುದು.

2016ರಲ್ಲಿ ಕಬ್ಸ್ ಗೆದ್ದದ್ದು 103, ಸೋತದ್ದು 58. ಲೀಗ್‌ನಲ್ಲಿ ಅಷ್ಟು ಗೆದ್ದ ತಂಡ ಇನ್ನೊಂದಿರಲಿಲ್ಲ. ಆದರೆ ಶುರುವಿನಲ್ಲೇ ಪೆಟ್ಟು ಬಿತ್ತು. ಮೂರನೇ ಪಂದ್ಯದಲ್ಲೇ ಕೈಲ್ ಶ್ವಾರ್ಬರ್ ಕ್ಯಾಚ್‌ಗೆ ಓಡುವಾಗ ಜೊತೆ ಆಟಗಾರ ಡೆಕ್ಸ್ಟರ್ ಫೌಲರ್‌ಗೆ ಡಿಕ್ಕಿ ಹೊಡೆದ. ಮಂಡಿಯ ಎರಡು ಲಿಗಮೆಂಟ್ ಹರಿದವು. ಈ ವರ್ಷದ ಆಟ ಮುಗಿಯಿತು ಅಂದರು ಎಲ್ಲರೂ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಏಪ್ರಿಲ್ 21ರಂದು ಜೇಕ್ ಅರಿಯೆಟ್ಟಾ ಸಿನ್ಸಿನಾಟಿ ತಂಡಕ್ಕೆ ಒಂದೂ ಹಿಟ್ (ಹೊಡೆದವನನ್ನು ಬೇಸ್ ತಲುಪಿಸುವ ಹೊಡೆತ; ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್) ಕೊಡದೆ ಇಡೀ ಪಂದ್ಯ ಎಸೆದ. ಜೂನ್ 27ರಂದು, ಮತ್ತೆ ಸಿನ್ಸಿನಾಟಿ ಎದುರೇ, ಕ್ರಿಸ್ ಬ್ರಯಂಟ್ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್, ಎರಡು ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದ. ಆ ವರ್ಷ ಅವನ ಹೋಮ್ ರನ್ 39. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತಿ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ. ಮೆಲ್ಲಗೆ ಎಸೆಯುವ, ಮುಖದಲ್ಲಿ ಏನನ್ನೂ ತೋರಿಸದ ಕೈಲ್ ಹೆಂಡ್ರಿಕ್ಸ್‌ನ ಸರಾಸರಿ 2.13. ಅಂದರೆ ಒಂಬತ್ತು ಇನ್ನಿಂಗ್ಸ್ ಎಸೆದರೆ ಎರಡು ಚಿಲ್ಲರೆ ರನ್ ಮಾತ್ರ. ಇಡೀ ಮೇಜರ್ ಲೀಗ್‌ನಲ್ಲೇ ಅದು ಬೆಸ್ಟ್.

ನನಗೆ ತುಂಬಾ ಇಷ್ಟವಾದ ಪಂದ್ಯ ಮಾತ್ರ ಜುಲೈ 31ರದ್ದು. ಸಿಯಾಟಲ್ ಎದುರು ಕಬ್ಸ್ 0-6 ಹಿಂದೆ ಬಿದ್ದಿತ್ತು. ಪಂದ್ಯ 12ನೇ ಇನ್ನಿಂಗ್ಸ್‌ಗೆ ಹೋಯಿತು. ಬ್ಯಾಟ್ ಹಿಡಿಯಲು ಆಟಗಾರರೇ ಮುಗಿದರು. ಕೊನೆಗೆ ಪಿಚರ್ ಜಾನ್ ಲೆಸ್ಟರ್‌ನನ್ನು ಬ್ಯಾಟಿಂಗ್‌ಗೆ ಕಳಿಸಿದರು. ಬ್ಯಾಟಿಂಗ್ ಅಂದರೆ ಅವನಿಗೆ ಆಗದ ಕೆಲಸ. ಅವನು ಚೆಂಡನ್ನು ಸುಮ್ನೆ ಬ್ಯಾಟಿನಿಂದ ಮುಟ್ಟಿಸಿ ಮುಂದೆ ಉರುಳಿಸಿದ. ಮೂರನೇ ಬೇಸ್‌ನಲ್ಲಿದ್ದವನು ಓಡಿ ಬಂದ. 7-6. ಇದು ಬೇರೆ ತಂಡ ಅಂತ ನನಗೆ ಅನ್ನಿಸಿದ್ದು ಅವತ್ತು.

ಪ್ರಶ್ನೆ: 103ಕ್ಕೆ 58 ಕೂಡಿದರೆ 161. ಇನ್ನೊಂದು ಪಂದ್ಯ ಎಲ್ಲಿ ಹೋಯಿತು?

ಮಳೆಗೆ ಹೋಯಿತು. ಸೆಪ್ಟೆಂಬರ್ 29ರಂದು ಪಿಟ್ಸ್‌ಬರ್ಗ್‌ನಲ್ಲಿ 1-1 ಇದ್ದಾಗ ಪಂದ್ಯ ನಿಂತಿತು. ಫಲಿತಾಂಶದಿಂದ ಯಾರ ಸ್ಥಾನವೂ ಬದಲಾಗುತ್ತಿರಲಿಲ್ಲ, ಹಾಗಾಗಿ ಮತ್ತೆ ಆಡಿಸಲಿಲ್ಲ. ಬೇಸ್‌ಬಾಲ್‌ನಲ್ಲಿ ಟೈ ತೀರಾ ಅಪರೂಪ. ಲೆಕ್ಕ ಹಾಕಿ ನೋಡಿದ್ದೀರಲ್ಲ, ಖುಷಿಯಾಯಿತು.

ಪ್ರಶ್ನೆ: ಒಂದು ಮೇಕೆಯ ಶಾಪದಿಂದ ಕಬ್ಸ್ ಸೋಲುತ್ತಿತ್ತು ಅಂತ ಓದಿದ್ದೇನೆ. ನಿಜಾನಾ? (ಶಿರಸಿಯ ಓದುಗರು)

ಕಥೆ ಹೀಗಿದೆ. 1945ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯಕ್ಕೆ ಬಿಲ್ಲಿ ಸಿಯಾನಿಸ್ ಎಂಬ ಬಾರ್ ಮಾಲೀಕ ತನ್ನ ಮೇಕೆಯನ್ನೂ ಕರೆದುಕೊಂಡು ರಿಗ್ಲಿ ಫೀಲ್ಡ್‌ಗೆ ಬಂದ. ಮೇಕೆಯ ಹೆಸರು ಮರ್ಫಿ. ನಾತ ಹೊಡೆಯುತ್ತದೆ ಅಂತ ಹೊರಗೆ ಹಾಕಿದರಂತೆ. ಕಬ್ಸ್ ಇನ್ನು ಗೆಲ್ಲುವುದಿಲ್ಲ ಅಂತ ಅವನು ಶಾಪ ಹಾಕಿದನಂತೆ. ಆ ಸಲ ಕಬ್ಸ್ ಡೆಟ್ರಾಯಿಟ್ ಎದುರು ಸೋತಿದ್ದಂತೂ ನಿಜ.

ಕಥೆ ಚೆನ್ನಾಗಿದೆ. ಆದರೆ ನಾನು ಅದನ್ನು ನಂಬುವುದಿಲ್ಲ. ನಂಬಿದರೆ ಈ ಸೀಸನ್ ಕಟ್ಟಿದವರಿಗೆ ಅನ್ಯಾಯವಾಗುತ್ತದೆ. ಕಬ್ಸ್ ಅಷ್ಟು ವರ್ಷ ಸೋತಿದ್ದು ಬಹುಪಾಲು ತಂಡ ಚೆನ್ನಾಗಿರಲಿಲ್ಲ ಎಂಬ ಕಾರಣಕ್ಕೆ. ಗೆದ್ದಿದ್ದು ತಂಡವನ್ನು ಬುಡದಿಂದ ಕಟ್ಟಿದ್ದಕ್ಕೆ.

ಥಿಯೋ ಎಪ್‌ಸ್ಟೀನ್ 2011ರ ಕೊನೆಯಲ್ಲಿ ಕಬ್ಸ್‌ಗೆ ತಂಡ ಕಟ್ಟುವ ಮುಖ್ಯಸ್ಥರಾಗಿ ಬಂದರು. ಬಾಸ್ಟನ್ ರೆಡ್ ಸಾಕ್ಸ್‌ನ 86 ವರ್ಷಗಳ ಬರ 2004ರಲ್ಲಿ ನೀಗಿದಾಗ ಆ ತಂಡದ ಜನರಲ್ ಮ್ಯಾನೇಜರ್ ಆಗಿದ್ದವರು ಇವರೇ. ಇಲ್ಲಿ ಅವರು ಮೊದಲು ಮಾಡಿದ್ದು ಸೋಲಿಗೆ ಹೆದರದೇ ಇರುವುದು. 2012ರಲ್ಲಿ ಕಬ್ಸ್ 101 ಪಂದ್ಯ ಸೋತಿತು. ಜನ ಬೈದರು. ಹೆಸರು ಮಾಡಿದ ಆಟಗಾರರನ್ನು ಬಿಟ್ಟುಕೊಟ್ಟು ಎಳೆಯರನ್ನು ತಂದರು. ಆಂಥನಿ ರಿಜ್ಜೊ, ಹೆಂಡ್ರಿಕ್ಸ್, ಅರಿಯೆಟ್ಟಾ, ಆಡಿಸನ್ ರಸೆಲ್ ಎಲ್ಲರೂ ಹೀಗೆ ಅದಲುಬದಲಿನಲ್ಲಿ ಬಂದವರು. ಆಗ ಲೀಗ್‌ನ ಪಟ್ಟಿಯಲ್ಲಿ ಕೆಳಗಿದ್ದ ತಂಡಕ್ಕೆ ಹೊಸ ಆಟಗಾರರ ಆಯ್ಕೆಯಲ್ಲಿ ಬೇಗ ಸರದಿ ಸಿಗುತ್ತಿತ್ತು. ಬ್ರಯಂಟ್, ಶ್ವಾರ್ಬರ್ ಹಾಗೆ ಸಿಕ್ಕರು. ಮೊದಲು ಗದ್ದೆ ಹದ ಮಾಡಿ, ಆಮೇಲೆ ನಾಟಿ. ಎಳೆಯರು ಬಲಿತ ಮೇಲೆ, 2014ರ ಕೊನೆಯಲ್ಲಿ, ಜೋ ಮ್ಯಾಡನ್ ಮ್ಯಾನೇಜರ್ (ನಮ್ಮ ಕ್ರಿಕೆಟ್‌ನ ಕೋಚ್ ಹಾಗೆ) ಆಗಿ ಬಂದರು. ದೊಡ್ಡ ಮೊತ್ತಕ್ಕೆ ಲೆಸ್ಟರ್ ಬಂದ.

ಒಂದು ವಿಷಯ ಮಾತ್ರ ನನ್ನ ಮನಸ್ಸಿಗೆ ಈಗಲೂ ಹಿಡಿಸಿಲ್ಲ. 2016ರ ಜುಲೈನಲ್ಲಿ ತಂದ ಪಿಚರ್ ಅರೋಲ್ಡಿಸ್ ಚಾಪ್‌ಮನ್, ಅದೇ ವರ್ಷ ಕೌಟುಂಬಿಕ ಹಿಂಸೆ ತಡೆಯುವ ಲೀಗ್ ನಿಯಮದಡಿ 30 ಪಂದ್ಯ ಅಮಾನತಾಗಿದ್ದವನು. ಅವನಿಲ್ಲದೆ ಕಬ್ಸ್ ಗೆಲ್ಲುತ್ತಿತ್ತು ಅಂತ ಹೇಳಲಾರೆ. ಆದರೂ ಅಭಿಮಾನಿಗಳಲ್ಲಿ ಹಲವರಿಗೆ ಅವನನ್ನು ಮನಸಾರೆ ಹುರಿದುಂಬಿಸಲು ಆಗಲಿಲ್ಲ. ಅವರದು ತಪ್ಪು ಅನ್ನಲಾರೆ.

ಪ್ರಶ್ನೆ: 2016ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಮಳೆ ಬರದಿದ್ದರೆ ಕಬ್ಸ್ ಸೋಲುತ್ತಿತ್ತು ಅಂತಾರೆ. ಅವತ್ತು ಏನಾಯಿತು? ದಯವಿಟ್ಟು ವಿವರವಾಗಿ ಬರೆಯಿರಿ. (ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ)

ಬರೆಯುತ್ತೇನಮ್ಮ. ಈ ಪ್ರಶ್ನೆಗೇ ಕಾಯುತ್ತಿದ್ದೆ.

ಎದುರಾಳಿ ಕ್ಲೀವ್‌ಲ್ಯಾಂಡ್. ಆಗ ಇಂಡಿಯನ್ಸ್ ಅನ್ನುತ್ತಿದ್ದರು, ಈಗ ಗಾರ್ಡಿಯನ್ಸ್. ಅವರೂ 1948ರಿಂದ ಗೆದ್ದಿರಲಿಲ್ಲ. ಮುಖ್ಯ ಪಿಚರ್‌ಗಳಿಗೆ ಗಾಯವಾಗಿದ್ದರೂ ಸರಣಿಯಲ್ಲಿ 3-1 ಮುಂದಿದ್ದರು. ಅಲ್ಲಿಂದ ಎದ್ದು ವರ್ಲ್ಡ್ ಸೀರೀಸ್ ಗೆದ್ದ ತಂಡ 1985ರ ನಂತರ ಇರಲಿಲ್ಲ. ಕಬ್ಸ್ ಐದನೆಯದನ್ನು 3-2ಕ್ಕೆ ಗೆದ್ದಿತು, ಆರನೆಯದನ್ನು 9-3ಕ್ಕೆ.

ನವೆಂಬರ್ 2ರ ರಾತ್ರಿ, ಕ್ಲೀವ್‌ಲ್ಯಾಂಡ್‌ನಲ್ಲಿ ಏಳನೇ ಪಂದ್ಯ. ನಮ್ಮಲ್ಲಿ ಗುರುವಾರ ಬೆಳಿಗ್ಗೆ. ಶುರುವಿಗೇ ಫೌಲರ್ ಹೋಮ್ ರನ್ ಹೊಡೆದ. ಐದನೇ ಇನ್ನಿಂಗ್ಸ್‌ಗೆ 5-1. ಹೆಂಡ್ರಿಕ್ಸ್ ಚೆನ್ನಾಗಿ ಎಸೆಯುತ್ತಿದ್ದ, ಆದರೂ ಮ್ಯಾಡನ್ ಅವನನ್ನು ತೆಗೆದು ಲೆಸ್ಟರ್‌ನನ್ನು ತಂದರು. ಒಂದು ಚೆಂಡು ನೆಲಕ್ಕೆ ಬಡಿದು ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ) ಡೇವಿಡ್ ರಾಸ್‌ನ ಮುಖಕವಚಕ್ಕೆ ತಾಗಿ ಎತ್ತಲೋ ಹೋಯಿತು. ರಾಸ್ ಎದ್ದು ಓಡಲು ಹೋಗಿ ಬಿದ್ದ. ಅಷ್ಟರಲ್ಲಿ ಇಬ್ಬರು ಓಡಿ ಬಂದು ಎರಡು ರನ್. ರಾಸ್‌ಗೆ ಆಗ 39 ವರ್ಷ, ಅದು ಅವನ ಕೊನೆಯ ಪಂದ್ಯ. ಮುಂದಿನ ಇನ್ನಿಂಗ್ಸ್‌ನಲ್ಲೇ ಹೋಮ್ ರನ್ ಹೊಡೆದು ಸಾಲ ತೀರಿಸಿದ. 6-3.

ಎಂಟನೇ ಇನ್ನಿಂಗ್ಸ್. ಎರಡು ಔಟ್ ಆಗಿದೆ. ಇನ್ನು ನಾಲ್ಕು ಔಟ್ ಸಾಕು. ಚಾಪ್‌ಮನ್ ಬಂದ. ಗಂಟೆಗೆ ನೂರು ಮೈಲಿ ಎಸೆಯುವವನು. ಆದರೆ ಅವತ್ತು ತೋಳಿನಲ್ಲಿ ಕಸುವಿರಲಿಲ್ಲ. ಐದನೇ ಪಂದ್ಯದಲ್ಲಿ 42 ಚೆಂಡು ಎಸೆದಿದ್ದ. ಆರನೇ ಪಂದ್ಯದಲ್ಲಿ ದೊಡ್ಡ ಮುನ್ನಡೆ ಇದ್ದರೂ ಅವನನ್ನೇ ಇಳಿಸಿದ್ದರು. ಅದು ಮ್ಯಾಡನ್ ಮಾಡಿದ ದೊಡ್ಡ ತಪ್ಪು ಅಂತ ನಾನು ಅವತ್ತೂ ಅಂದಿದ್ದೆ, ಇವತ್ತೂ ಅನ್ನುತ್ತೇನೆ. ಮೊದಲು ಒಂದು ಡಬಲ್, 6-4. ಆಮೇಲೆ ಕ್ಲೀವ್‌ಲ್ಯಾಂಡ್‌ನ ರಜಾಯ್ ಡೇವಿಸ್ ಬಂದ. ಬ್ಯಾಟಿನ ಹಿಡಿಯನ್ನು ಎಷ್ಟು ಮೇಲೆ ಹಿಡಿದಿದ್ದ ಅಂದರೆ, ಗಲ್ಲಿ ಕ್ರಿಕೆಟ್‌ನಲ್ಲಿ ಚಿಕ್ಕ ಹುಡುಗರು ಅಣ್ಣನ ಬ್ಯಾಟ್ ಹಿಡಿದ ಹಾಗೆ. ಬೀಸಿದ. ಚೆಂಡು ಎಡಗಡೆಯ ಗೆರೆಯ ಪಕ್ಕದಲ್ಲೇ ಗೋಡೆ ದಾಟಿತು. 6-6.

ನನ್ನ ಮುಂದಿದ್ದ ದೋಸೆ ತಣ್ಣಗಾಗಿ ಚರ್ಮದ ಹಾಗೆ ಆಗಿತ್ತು.

ಒಂಬತ್ತು ಇನ್ನಿಂಗ್ಸ್ ಮುಗಿದಾಗ ಮಳೆ ಬಂತು. 17 ನಿಮಿಷ ಆಟ ನಿಂತಿತು. ಆಗ ಜೇಸನ್ ಹೇವರ್ಡ್ ಆಟಗಾರರನ್ನೆಲ್ಲ ವ್ಯಾಯಾಮದ ಕೋಣೆಗೆ ಕರೆದ. ಎಂಟು ವರ್ಷಕ್ಕೆ 184 ಮಿಲಿಯನ್ ಡಾಲರ್ ಕೊಟ್ಟು ತಂದ ಆಟಗಾರ ಅವನು. ಆ ವರ್ಷ ಅವನ ಬ್ಯಾಟ್ ಮಾತಾಡಲೇ ಇಲ್ಲ. ಬೈಗುಳ ಕೇಳಿ ಕೇಳಿ ಸಾಕಾಗಿದ್ದ ಮನುಷ್ಯ. ನಾವೇ ಒಳ್ಳೆಯ ತಂಡ, ಒಬ್ಬರಿಗೊಬ್ಬರು ನಿಂತು ಆಡೋಣ ಅಂತ ಅವನೇ ಎದ್ದು ಹೇಳಿದ. ಚಾಪ್‌ಮನ್ ಅಳುತ್ತಿದ್ದನಂತೆ.

ಹತ್ತನೇ ಇನ್ನಿಂಗ್ಸ್‌ನ ಮೊದಲ ಬ್ಯಾಟರ್ ಯಾರು ಗೊತ್ತಾ? ಏಪ್ರಿಲ್‌ನಲ್ಲಿ ಮಂಡಿ ಮುರಿದುಕೊಂಡ ಶ್ವಾರ್ಬರ್. ಆರು ತಿಂಗಳು ಹೊರಗಿದ್ದು, ವರ್ಲ್ಡ್ ಸೀರೀಸ್‌ಗೆ ಬರೀ ಬ್ಯಾಟಿಂಗ್‌ಗೆ ಅಂತ ವಾಪಸ್ ಬಂದಿದ್ದ. ಸಿಂಗಲ್ ಹೊಡೆದ. ಅವನ ಬದಲು ಓಡಲು ಬಂದ ಆಲ್ಬರ್ಟ್ ಅಲ್ಮೋರಾ, ಬ್ರಯಂಟ್ ಹೊಡೆದ ಚೆಂಡು ದೂರದಲ್ಲಿ ಕ್ಯಾಚ್ ಆಗುವವರೆಗೆ ಬೇಸ್ ಬಿಡದೆ ಕಾದು, ಆಮೇಲೆ ಎರಡನೇ ಬೇಸ್‌ಗೆ ಓಡಿದ. ಯಾರೂ ಜಾಸ್ತಿ ಮಾತಾಡದ ಈ ಒಂದು ಓಟವೇ ನನ್ನ ಪ್ರಕಾರ ಪಂದ್ಯವನ್ನು ತಿರುಗಿಸಿದ್ದು. ರಿಜ್ಜೊನನ್ನು ಕ್ಲೀವ್‌ಲ್ಯಾಂಡ್‌ನವರು ಬೇಕಂತಲೇ ಮೊದಲ ಬೇಸ್‌ಗೆ ಕಳಿಸಿದರು. ಬೆನ್ ಜೋಬ್ರಿಸ್ಟ್ ಎಡಗಡೆ ಗೆರೆಯ ಪಕ್ಕ ಡಬಲ್ ಬಾರಿಸಿದ. 7-6. ಮಿಗೆಲ್ ಮೊಂಟೆರೊ ಸಿಂಗಲ್. 8-6. ಜೋಬ್ರಿಸ್ಟ್‌ನ ಹೊಡೆತಕ್ಕೆ ಮೂರನೇ ಬೇಸ್ ತಲುಪಿದಾಗ ರಿಜ್ಜೊ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ನಿಂತುಬಿಟ್ಟಿದ್ದ.

ಕ್ಲೀವ್‌ಲ್ಯಾಂಡ್ ಸುಮ್ಮನೆ ಬಿಡಲಿಲ್ಲ. ಡೇವಿಸ್ ಮತ್ತೆ ಹೊಡೆದು 8-7 ಮಾಡಿದ. ಕೊನೆಯ ಚೆಂಡು ಬ್ರಯಂಟ್ ಕಡೆಗೆ ಮೆಲ್ಲಗೆ ಉರುಳಿ ಬಂತು. ಒದ್ದೆ ಹುಲ್ಲಿನಲ್ಲಿ ಅವನ ಕಾಲು ಜಾರಿತು. ಆದರೂ ಎಸೆಯುವ ಮುಂಚೆಯೇ ಅವನು ನಗುತ್ತಿದ್ದ. ವಿಡಿಯೊ ಸಿಕ್ಕರೆ ಆ ನಗು ನೋಡಿ. ರಿಜ್ಜೊ ಚೆಂಡು ಹಿಡಿದ, ಹಿಂದಿನ ಜೇಬಿಗೆ ತುರುಕಿಕೊಂಡ, ಆಮೇಲೆ ಕುಣಿದ.

ಮಳೆ ಬರದಿದ್ದರೆ ಸೋಲುತ್ತಿತ್ತಾ? ಸೋಲುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಆದರೆ ಸೋಲಿನ ಮುಖ ಮಾಡಿಕೊಂಡಿದ್ದ ತಂಡಕ್ಕೆ ಉಸಿರು ತೆಗೆದುಕೊಳ್ಳಲು ಆ 17 ನಿಮಿಷ ಸಿಕ್ಕಿತು. ಅದನ್ನು ಅವರು ಹಾಳು ಮಾಡಲಿಲ್ಲ.

ಪ್ರಶ್ನೆ: ನಮ್ಮ ಆರ್‌ಸಿಬಿ ಕಾದಿದ್ದೂ ಹೀಗೇ ಅಲ್ವಾ?

ಹೌದು. ಕಬ್ಸ್ ಗೆದ್ದ 2016ರಲ್ಲೇ, ಮೇ 29ರಂದು, ಚಿನ್ನಸ್ವಾಮಿ ಅಂಗಳದ ಫೈನಲ್‌ನಲ್ಲಿ ನಾವು 8 ರನ್‌ಗಳಿಂದ ಸೋತೆವು. ಕೊಹ್ಲಿ 973 ರನ್ ಹೊಡೆದ ಸೀಸನ್ ಅದು. ಅವತ್ತು ಅಂಗಳದಿಂದ ಹೊರಗೆ ನಡೆದವರಿಗೆ ಶಿಕಾಗೋದ ಜನ ಅರ್ಥವಾಗುತ್ತಾರೆ. ಅಲ್ಲಿ 'ಮುಂದಿನ ವರ್ಷ ನೋಡೋಣ' ಅಂತ ಅನ್ನುತ್ತಿದ್ದರು, ಇಲ್ಲಿ 'ಈ ಸಲ ಕಪ್ ನಮ್ದೇ' ಅಂದೆವು. 2025ರ ಜೂನ್ 3ರಂದು, 18ನೇ ಸೀಸನ್‌ನಲ್ಲಿ, ಕೊನೆಗೂ ಬಂತು. ಮರುದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಹೋದರು. ಅವರನ್ನು ಬಿಟ್ಟು ನಮ್ಮ ಗೆಲುವಿನ ಮಾತು ಆಡಲು ನನಗೆ ಆಗುವುದಿಲ್ಲ.

ಪ್ರಶ್ನೆ: ಗೆದ್ದ ಮೇಲೆ ಅಲ್ಲಿನ ಜನ ಏನು ಮಾಡಿದರು? (ಅದೇ ಹುಬ್ಬಳ್ಳಿಯ ಓದುಗರು)

ನವೆಂಬರ್ 4ರಂದು ದೊಡ್ಡ ಮೆರವಣಿಗೆ ಆಯಿತು. ಶಿಕಾಗೋ ನದಿಗೆ ಕಬ್ಸ್‌ನ ನೀಲಿ ಬಣ್ಣ ಹಾಕಿದರು. ಲಕ್ಷಗಟ್ಟಲೆ ಜನ ಬಂದಿದ್ದರು.

ಆದರೆ ನಾನು ನಿಮಗೆ ಹೇಳಬೇಕೆಂದಿದ್ದು ರಿಗ್ಲಿ ಫೀಲ್ಡ್‌ನ ಹೊರಗಿನ ಇಟ್ಟಿಗೆ ಗೋಡೆಯ ವಿಷಯ. ಗೆದ್ದ ಮೇಲೆ ಜನ ಬಣ್ಣ ಬಣ್ಣದ ಸೀಮೆಸುಣ್ಣ ತಂದು ಅದರ ಮೇಲೆ ಬರೆಯಲು ಶುರು ಮಾಡಿದರು. ಮೊದಲು ತಂಡದ ಹೆಸರು, ಆಟಗಾರರ ಹೆಸರು. ಆಮೇಲೆ ತಮ್ಮ ಮನೆಯವರ ಹೆಸರು. ಅಪ್ಪ, ಅಜ್ಜಿ, ಚಿಕ್ಕಪ್ಪ, ಈ ದಿನ ನೋಡದೆ ಹೋದವರೆಲ್ಲ. ಕೈಗೆ ಎಟುಕುವ ಜಾಗ ತುಂಬಿದ ಮೇಲೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ಬರೆದರು. ನಿಮ್ಮ ಪಕ್ಕ ಕೂತಿದ್ದ ಅಜ್ಜನೂ ಅಲ್ಲಿ ಯಾರದೋ ಹೆಸರು ಬರೆದಿರಬಹುದು. ಮುಂದಿನ ಸಲ ಹೋದಾಗ, ಅವರು ಮತ್ತೆ ಸಿಕ್ಕರೆ, ಯಾರ ಹೆಸರು ಅಂತ ಕೇಳಿ.