ಕೆಂಪು ಮಣ್ಣಲ್ಲಿ ಉಲ್ಕೆ ಹುಡುಕೋರಿಗೆ

ಪ್ರಶ್ನೆ: ವಿಡಿಯೋ ನೋಡಿ ನಾನೇ ಬಿಎಫ್ಒ (ಬೀಟ್ ಫ್ರೀಕ್ವೆನ್ಸಿ ಆಸಿಲೇಟರ್) ಮೆಟಲ್ ಡಿಟೆಕ್ಟರ್ ಕಟ್ಟಿದ್ದೀನಿ ಸಾರ್. ಸೋಮವಾರಪೇಟೆ ಹತ್ರ ನಮ್ಮ ಕಾಫಿ ತೋಟದಲ್ಲಿ ಎಲ್ಲಿ ಹಿಡಿದ್ರೂ ಕೂಗುತ್ತೆ. ಭಾರದ ಕಪ್ಪು ಕಲ್ಲೊಂದು ಸಿಕ್ಕಿದೆ, ಮ್ಯಾಗ್ನೆಟ್ ಅಂಟುತ್ತೆ. ಉಲ್ಕೆನಾ?

ಉತ್ತರ: ಮಳೆ ನಿಂತ ಕೂಡ್ಲೇ ಪ್ರತಿವರ್ಷ ಇದೇ ಪ್ರಶ್ನೆ, ಜೊತೆಗೆ ಹತ್ತು ಫೋಟೋ, ಆದ್ರೆ ಕಲ್ಲಿನ ಒಳಗೆ ಏನಿದೆ ಅಂತ ನೋಡಿದವರು ಒಬ್ರೂ ಇಲ್ಲ. ಬಿಎಫ್ಒದಲ್ಲಿ ಎರಡು ಆಸಿಲೇಟರ್ (ಕಂಪನ ಹುಟ್ಟಿಸೋ ಸರ್ಕ್ಯೂಟ್) ಫ್ರೀಕ್ವೆನ್ಸಿಗಳ ವ್ಯತ್ಯಾಸವೇ ಕಿವಿಗೆ ಕೇಳೋದು, ಕಾಯಿಲ್ ಹತ್ರ ಕಬ್ಬಿಣದಂಶ ಬಂದ್ರೆ ಆ ವ್ಯತ್ಯಾಸ ಬದಲಾಗುತ್ತೆ, ನಮ್ಮ ಮಣ್ಣು ಕೆಂಪಗಿರೋದೇ ಕಬ್ಬಿಣದ ಆಕ್ಸೈಡಿಂದ, ಹಾಗಾಗಿ ಜಂಬಿಟ್ಟಿಗೆ ಇರೋ ಕಡೆ ಕಾಯಿಲ್ ಒಂದಿಂಚು ಕೆಳಗಿಳಿದ್ರೂ ಅದು ಕೂಗುತ್ತೆ. ಉಳಿದದ್ದು ಬೇಲಿ ತಂತಿ, ಮುರಿದ ಕತ್ತಿ, ಕೋವಿ ತೋಟಾದ ಹಿತ್ತಾಳೆ. ಕಾಯಿಲ್‌ಗೆ ಕರೆಂಟನ್ನ ಚಿಕ್ಕ ಚಿಕ್ಕ ಹೊಡೆತವಾಗಿ ಕೊಡೋ ಪಲ್ಸ್ ಇಂಡಕ್ಷನ್ ಸರ್ಕ್ಯೂಟ್ ಕಟ್ಟಿ, ಮಣ್ಣಿನ ಕಾಟ ಕಮ್ಮಿ ಆಗುತ್ತೆ.

ಕಲ್ಲಿನ ವಿಷಯ. ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಅದಿರು ಕೂಡ ಅಂಟುತ್ತೆ, ಕುಲುಮೆಯ ಕಿಟ್ಟನೂ ಅಂಟಬಹುದು. ಮೈಮೇಲೆ ಗುಳ್ಳೆ ತೂತು ಇದ್ರೆ ಕಿಟ್ಟ ಅಂತಲೇ ಇಟ್ಕೊಳ್ಳಿ. ಟೈಲ್ಸ್ ಹಿಂಭಾಗದ ಒರಟು ಮೈಗೆ ಉಜ್ಜಿ, ಕೆಂಪು ಗೆರೆ ಬಂದ್ರೆ ಹೆಮಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಅದಿರು, ದಟ್ಟ ಕಪ್ಪು ಬಂದ್ರೆ ಮ್ಯಾಗ್ನೆಟೈಟ್. ಗೆರೆ ಬರ್ಲಿಲ್ವಾ, ಒಂದು ಮೂಲೆನ ಅರದಿಂದ ಉಜ್ಜಿ ಲೆನ್ಸಲ್ಲಿ ನೋಡಿ, ಬೂದು ಕಲ್ಲಿನೊಳಗೆ ಬೆಳ್ಳಿ ಥರ ಲೋಹದ ಚುಕ್ಕಿ ಹೊಳೆದ್ರೆ ಮಾತ್ರ ಮುಂದಿನ ಮಾತು, ಆಗ ಜಿಎಸ್ಐಗೆ, ಅಂದ್ರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ದಯವಿಟ್ಟು ತುಂಬಾ ಶಕ್ತಿಯ ದೊಡ್ಡ ನಿಯೋಡಿಮಿಯಂ ಮ್ಯಾಗ್ನೆಟ್ ಒತ್ತಬೇಡಿ, ಕೋಟ್ಯಂತರ ವರ್ಷದಿಂದ ಉಳಿದಿರೋ ಕಾಂತತ್ವದ ಗುರುತು ಕ್ಷಣದಲ್ಲಿ ಅಳಿಸಿಹೋಗುತ್ತೆ, ಇದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ದಾರಕ್ಕೆ ಕಟ್ಟಿದ ಪುಟ್ಟ ಮ್ಯಾಗ್ನೆಟ್ ಸಾಕು.

ಇನ್ನೊಂದು, ಉಲ್ಕೆಲಿರೋ ಲೋಹ ನಮ್ಮ ಮಳೆಗೆ ತುಕ್ಕು ಹಿಡಿದು ಕರಗುತ್ತೆ, ಅದಕ್ಕೇ ಜನ ಸಹಾರಾ, ಅಂಟಾರ್ಕ್ಟಿಕಾಗೆ ಹೋಗಿ ಹುಡುಕೋದು. 1865ರ ಮದ್ದೂರಿನ ಉಲ್ಕೆ, 1866ರ ಉಡುಪಿಯದ್ದು, ಎರಡೂ ಬೀಳೋದನ್ನ ಜನ ಕಂಡಿದ್ದು. ನೀವೂ ಬೆಂಕಿಚೆಂಡು ಕಂಡ್ರೆ ಟೈಮು, ದಿಕ್ಕು ಮೊದ್ಲು ಬರೆದಿಡಿ.

ಪ್ರಶ್ನೆ: ಸಿಡಿಲು ಬಡಿದ ಪಾತ್ರೆ, ಅಕ್ಕಿ ಸೆಳೆಯುತ್ತೆ ಅನ್ನೋ ರೈಸ್ ಪುಲ್ಲರ್ ಹುಡುಕಿಕೊಡ್ತೀವಿ ಅಂತ ಅಡ್ವಾನ್ಸ್ ಕೇಳ್ತಿದ್ದಾರೆ, ಕೊಡ್ಲಾ?

ಉತ್ತರ: ಅದು ಮೋಸ, ಪೊಲೀಸ್ ಸ್ಟೇಷನ್‌ಗೆ ಹೋಗಿ.

ಪ್ರಶ್ನೆ: ಬ್ರಹ್ಮಗಿರಿ ಕಾಡಲ್ಲಿ ಹುಡುಕಬಹುದಾ?

ಉತ್ತರ: ಬೇಡ. ಅದು ವನ್ಯಜೀವಿ ಧಾಮ, ಅನುಮತಿ ಇಲ್ದೆ ಕಾಲಿಡೋ ಹಾಗಿಲ್ಲ, ಮೇಲಾಗಿ ಇಯರ್‌ಫೋನ್ ಹಾಕ್ಕೊಂಡು ತಲೆ ತಗ್ಗಿಸಿ ನಡೆಯೋನಿಗೆ ಆನೆ ಬಂದಿದ್ದು ಗೊತ್ತಾಗಲ್ಲ. ದೇವರಕಾಡಲ್ಲಿ ಅಗೆಯೋದಂತೂ ಕೇಳಲೇಬೇಡಿ.