ಓದುಗರ ಪ್ರಶ್ನೆ: ಫೋಟೋದಲ್ಲಿ ಗೋಪುರ ಹಿಂದಕ್ಕೆ ವಾಲುವುದೇಕೆ?

ಪ್ರಶ್ನೆ: ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಮುಂಬಯಿಗೆ ಹೊರಟಿದ್ದೇವೆ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದ ಎದುರಿನ ಮಹಾನಗರಪಾಲಿಕೆ ಕಟ್ಟಡದ ಒಳಗೆ ಬಿಡುತ್ತಾರೆಯೇ? ಮೊಬೈಲಿನಲ್ಲಿ ತೆಗೆದರೆ ಗೋಪುರ ವಾಲಿದಂತೆ ಬರುತ್ತದಂತೆ, ನಿಜವೇ?
— ಅಕ್ಕಲಕೋಟೆಯ ಓದುಗರು

ಉತ್ತರ: ನಿಜ. ಗೋಪುರದ ಎತ್ತರ 235 ಅಡಿ. ಬುಡದಲ್ಲೇ ನಿಂತು ಮೊಬೈಲನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಮೇಲೆ ಹೋದಂತೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹೆಚ್ಚು ಅಗಲದ ನೋಟ ಹಿಡಿಯುವ 0.5 ಲೆನ್ಸ್ ಹಾಕಿದರಂತೂ ಇನ್ನೂ ಹೆಚ್ಚು. ರಸ್ತೆ ದಾಟಿ ನಿಲ್ದಾಣದ ಕಡೆಯ ಫುಟ್‌ಪಾತಿಗೆ ಬನ್ನಿ. ಕ್ಯಾಮೆರಾ ಪರದೆಯ ಮೇಲೆ ಅಡ್ಡ-ಉದ್ದ ಗೆರೆ ತೋರಿಸುವ ಗ್ರಿಡ್ ಹಾಕಿಕೊಂಡು ಮೊಬೈಲನ್ನು ಲಂಬವಾಗಿ, ಒಂದಿಷ್ಟೂ ಓರೆಯಾಗದಂತೆ ಹಿಡಿಯಿರಿ. ಕೆಳಗೆ ರಸ್ತೆಯೇ ತುಂಬಿಕೊಂಡೀತು; ಅದನ್ನು ಆಮೇಲೆ ಕತ್ತರಿಸಿದರಾಯಿತು. ಬಸ್ಸುಗಳು ಅಡ್ಡ ಬರುತ್ತಲೇ ಇರುತ್ತವೆ, ಸಿಗ್ನಲ್ ಬೀಳುವವರೆಗೆ ತಾಳ್ಮೆ ಬೇಕು.

ನಿಮ್ಮ ರೈಲು ಬೆಳಗ್ಗೆ ತಲುಪುವುದೇ ಒಳ್ಳೆಯದಾಯಿತು. ಪಾಲಿಕೆಯ ಮುಖ ಪೂರ್ವದ ಕಡೆಗೆ, ನಿಲ್ದಾಣದ್ದು ಪಶ್ಚಿಮಕ್ಕೆ. ಬೆಳಗ್ಗೆ ಪಾಲಿಕೆ, ಸಂಜೆ ನಿಲ್ದಾಣ ಎಂದಿಟ್ಟುಕೊಳ್ಳಿ. ಎಳೆ ಬಿಸಿಲು ಮೊದಲು ಗೋಪುರದ ತುದಿಗೆ ಬಿದ್ದು ನಿಧಾನ ಕೆಳಗಿಳಿಯುತ್ತದೆ. ಅದು ಕಟ್ಟಡದ ಮುಂದಿರುವ ಫಿರೋಜ್‌ಶಾ ಮೆಹ್ತಾ ಪ್ರತಿಮೆಯವರೆಗೆ ಬಂದಾಗ ಇಡೀ ಮುಂಭಾಗ ಸಿಗುತ್ತದೆ. ಆಕಾಶ ಬಿಳಿಚಿಕೊಂಡರೆ ಪರದೆಯ ಮೇಲೆ ಗೋಪುರವನ್ನು ಒತ್ತಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ರೆಕ್ಕೆಯ ಸಿಂಹ, ಕೆತ್ತನೆಗಳಿಗೆ 2 ಅಥವಾ 3 ಪಟ್ಟು ಜೂಮ್ ಸಾಕು.

ಒಳಗಿನ ಮಾತು ಬೇರೆ. ಅದು ಕೆಲಸ ನಡೆಯುವ ಕಚೇರಿ. ಪ್ರವಾಸಿಗರಿಗಾಗಿ ವಾರಾಂತ್ಯದ ಹೆರಿಟೇಜ್ ವಾಕ್ 2021ರ ಜನವರಿಯಲ್ಲಿ ಶುರುವಾಯಿತು. ಈಗ ಯಾವ ದಿನ, ಎಷ್ಟು ಶುಲ್ಕ ಎಂದು ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ. ಎಲ್ಲೆಲ್ಲಿ ಫೋಟೋ ತೆಗೆಯಬಹುದು ಎಂಬುದನ್ನು ಗೈಡನ್ನೇ ಕೇಳಿ. ಟ್ರೈಪಾಡ್ ಮನೆಯಲ್ಲೇ ಇರಲಿ. ಎರಡೂ ಕಟ್ಟಡಗಳ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್. ಪಾಲಿಕೆ ಕಟ್ಟಡ ಮುಗಿದದ್ದು 1893ರಲ್ಲಿ, ಮಂಜೂರಾದ 11,88,082 ರೂಪಾಯಿಯಲ್ಲಿ 68,113 ರೂಪಾಯಿ ಉಳಿಸಿ! ಇಂದಿನ ಗುತ್ತಿಗೆದಾರರಿಗೆ ತೋರಿಸಬೇಕಾದ ಲೆಕ್ಕ.

ಪ್ರಶ್ನೆ: ರಾತ್ರಿ ದೀಪಾಲಂಕಾರದ ಫೋಟೋ ಮಸುಕಾಗುತ್ತದೆ. ಏನು ಮಾಡಲಿ?
— ಮಂಜೇಶ್ವರದ ಓದುಗರು

ಉತ್ತರ: ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಸೂರ್ಯ ಮುಳುಗಿ 15–20 ನಿಮಿಷಕ್ಕೆ ಆಕಾಶ ಇನ್ನೂ ನೀಲಿಯಾಗಿರುತ್ತದೆ, ಗೋಪುರದ ಅಂಚು ಸ್ಪಷ್ಟ ಕಾಣುತ್ತದೆ. ನೈಟ್ ಮೋಡ್ ಒಂದೆರಡು ಸೆಕೆಂಡು ತೆಗೆದುಕೊಳ್ಳುವುದರಿಂದ ಕೈ ಅಲುಗಿದರೆ ಕೆಟ್ಟಿತು. ಮೊಬೈಲನ್ನು ಕಂಬಿಗೋ ಗೋಡೆಗೋ ಒತ್ತಿ ಹಿಡಿದು, 2 ಸೆಕೆಂಡಿನ ಟೈಮರ್ ಹಾಕಿ. ಲೆನ್ಸ್ ಮೇಲಿನ ಬೆರಳಿನ ಜಿಡ್ಡನ್ನೂ ಒರೆಸಿ, ದೀಪಗಳ ಸುತ್ತ ಮಬ್ಬು ಬರುವುದು ಹೆಚ್ಚಾಗಿ ಅದರಿಂದಲೇ.